ಆತಕೂರಿನ ಕಲ್ಲಿಗೆ ಎಷ್ಟು ಕೊಂಡಿ? ಶಾಸನ ಟಿಪ್ಪಣಿಗಳನ್ನು ಜೋಡಿಸುವ ಒಬ್ಸಿಡಿಯನ್ ಪ್ಲಗಿನ್‌ಗಳು

ಶಾಸನಗಳ ಹುಚ್ಚು ಹತ್ತಿದವರ ಹತ್ತಿರ ಟಿಪ್ಪಣಿಗಳಿಗೇನೂ ಬರ ಇರೋದಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ ಪುಟಗಳ ಫೋಟೋ, ಊರೂರು ಸುತ್ತಿದಾಗ ಬರೆದುಕೊಂಡ ಚೀಟಿ, ಯಾರೋ ಕಳಿಸಿದ ಪಡಿಯಚ್ಚಿನ ಚಿತ್ರ, ಸ್ಥಳನಾಮದ ಬಗ್ಗೆ ಹಿರಿಯರು ಹೇಳಿದ ಮಾತು, ಎಲ್ಲವೂ ಇರತ್ತೆ. ಕೊರತೆ ಇರೋದು ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯದ್ದು. ಮೂರು ವರ್ಷದ ಹಿಂದೆ ಸೊರಬದ ಕಡೆ ನೋಡಿದ ವೀರಗಲ್ಲಿನಲ್ಲಿದ್ದ ಹೆಸರೇ ಇವತ್ತು ಓದುತ್ತಿರುವ ದಾನಶಾಸನದಲ್ಲೂ ಇದೆ ಅನ್ನೋದು ನೆನಪಿಗೆ ಬಂದರೆ ಉಂಟು, ಬರದಿದ್ದರೆ ಇಲ್ಲ. ಆ ನೆನಪಿನ ಕೆಲಸವನ್ನು ಒಂದಿಷ್ಟು ಮಟ್ಟಿಗೆ ಕಂಪ್ಯೂಟರಿಗೆ ವಹಿಸೋದು ಹೇಗೆ, ಎಲ್ಲಿ ವಹಿಸಬಾರದು ಅನ್ನೋದು ಈ ಬರಹದ ವಿಷಯ.

ಇದಕ್ಕೆ ಒಬ್ಸಿಡಿಯನ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಲಾಗ್‌ಸೆಕ್, ರೋಮ್ ಮುಂತಾದವು ಇದೇ ಜಾತಿಯವು. ತತ್ತ್ವ ಎಲ್ಲಕ್ಕೂ ಒಂದೇ. ಒಬ್ಸಿಡಿಯನ್ ಆರಿಸಿಕೊಳ್ಳಲು ಮುಖ್ಯ ಕಾರಣ, ಅದು ಟಿಪ್ಪಣಿಗಳನ್ನು ನಿಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಸರಳ ಪಠ್ಯವಾಗಿ ಇಡತ್ತೆ. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಯಾವ ನೋಟ್‌ಪ್ಯಾಡಿನಲ್ಲಿ ಬೇಕಾದರೂ ತೆರೆದು ಓದಬಹುದು. ಸಾವಿರ ವರ್ಷ ಉಳಿದ ಕಲ್ಲಿನ ಬಗ್ಗೆ ಬರೆಯುವವರು ಹತ್ತು ವರ್ಷವಾದರೂ ಉಳಿಯುವ ಟಿಪ್ಪಣಿ ಬರೆಯಬೇಕಲ್ವಾ?

ಕೊಂಡಿ ಮತ್ತು ಮರುಕೊಂಡಿ

ಒಬ್ಸಿಡಿಯನ್‌ನಲ್ಲಿ ಒಂದು ಪದವನ್ನು ಎರಡೆರಡು ಚೌಕ ಆವರಣದೊಳಗೆ ಇಟ್ಟರೆ ಅದು ಆ ಹೆಸರಿನ ಟಿಪ್ಪಣಿಗೆ ಕೊಂಡಿಯಾಗತ್ತೆ. ಇದರಲ್ಲಿ ಹೊಸತೇನಿಲ್ಲ. ಉಪಯೋಗ ಇರೋದು ಅದರ ಹಿಮ್ಮುಖದಲ್ಲಿ. ನೀವು ‘ಬೂತುಗ’ ಎಂಬ ಟಿಪ್ಪಣಿ ತೆರೆದಾಗ, ಯಾವ ಯಾವ ಟಿಪ್ಪಣಿಗಳು ಅದನ್ನು ಕರೆದಿವೆಯೋ ಅವೆಲ್ಲದರ ಪಟ್ಟಿ ಪಕ್ಕದಲ್ಲಿ ತಾನಾಗಿ ಬರತ್ತೆ. ಇದಕ್ಕೆ ಬ್ಯಾಕ್‌ಲಿಂಕ್ ಅಂತಾರೆ. ನಾವು ಮರುಕೊಂಡಿ ಅನ್ನೋಣ. ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಇದೇ ಕೆಲಸ ಮಾಡತ್ತೆ. ವ್ಯತ್ಯಾಸ ಇಷ್ಟೇ: ಪದಸೂಚಿಯನ್ನು ಪುಸ್ತಕ ಮುಗಿದ ಮೇಲೆ ಒಮ್ಮೆ ತಯಾರಿಸ್ತಾರೆ, ಇದು ಬರೆದಂತೆಲ್ಲ ಬೆಳೀತಾ ಹೋಗತ್ತೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಸುಮಾರು 90,000 ಕಾಗದದ ಚೀಟಿಗಳನ್ನು ಇದೇ ರೀತಿ ಒಂದಕ್ಕೊಂದು ಜೋಡಿಸಿಟ್ಟಿದ್ದರು. ಪ್ರತಿ ಚೀಟಿಗೂ ಒಂದು ಸ್ಥಿರ ಸಂಖ್ಯೆ. ಚೀಟಿಯ ವಿಷಯ ಏನೇ ಆಗಲಿ, ಸಂಖ್ಯೆ ಮಾತ್ರ ಬದಲಾಗೋದಿಲ್ಲ. ಈ ಸ್ಥಿರ ಸಂಖ್ಯೆಯ ವಿಚಾರ ಶಾಸನಗಳಿಗೆ ಬಂದಾಗ ಬಹಳ ಮುಖ್ಯ ಆಗತ್ತೆ. ಯಾಕೆ ಅಂತ ಒಂದು ಕಲ್ಲನ್ನು ಇಟ್ಟುಕೊಂಡೇ ನೋಡೋಣ.

ಒಂದು ಕಲ್ಲು, ಹಲವು ವಿಳಾಸ

ಆತಕೂರು ಶಾಸನ ನಮ್ಮಲ್ಲಿ ಅನೇಕರಿಗೆ ಗೊತ್ತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೊಂದು ಹಂದಿಯ ಮೇಲೆ ಎರಗುವ ಚಿತ್ರ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಅವನ ಸೇವೆಯಲ್ಲಿದ್ದ ವೀರ ಮಣಲೆರ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು, ಹಂದಿಯೊಡನೆ ಹೋರಾಡಿ ತಾನೂ ಸತ್ತ ಕಾಳಿ ಎಂಬ ನಾಯಿ, ಕಲ್ಲು ನಿಲ್ಲಿಸಿದ ದೇವಾಲಯ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ತಟ್ಟುವ ಪಾಪ, ಎಲ್ಲವೂ ಒಂದೇ ಕಲ್ಲಿನಲ್ಲಿವೆ. ಒಂದು ಶಾಸನದಿಂದ ಹತ್ತಾರು ಕೊಂಡಿ ಹೊರಡತ್ತೆ.

ಈ ಟಿಪ್ಪಣಿಗೆ ಏನು ಹೆಸರಿಡ್ತೀರಿ? ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ 3ನೆಯ ಸಂಪುಟದಲ್ಲಿ ಇದು ‘ಮಂಡ್ಯ 41’. ಆ ಸಂಪುಟ ಮೈಸೂರು ಜಿಲ್ಲೆಯದು, ಯಾಕಂದ್ರೆ ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಊರು ಇವತ್ತು ಮದ್ದೂರು ತಾಲ್ಲೂಕಿನಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಪುಟದ ಸಂಖ್ಯೆ, ಶಾಸನದ ಸಂಖ್ಯೆ ಎರಡೂ ಬೇರೆ. ಎಪಿಗ್ರಾಫಿಯಾ ಇಂಡಿಕದ 2ನೆಯ ಮತ್ತು 6ನೆಯ ಸಂಪುಟಗಳಲ್ಲೂ ಇದೇ ಶಾಸನ ಬಂದಿದೆ. ಊರಿನ ಹೆಸರೋ? ಆತಕೂರು, ಆತುಕೂರು, ಆತಗೂರು, ಒಬ್ಬೊಬ್ಬರು ಒಂದೊಂದು ತರ ಬರೆದಿದ್ದಾರೆ. ಒಂದೇ ಕಲ್ಲಿಗೆ ಐದಾರು ವಿಳಾಸ.

ಶ್ರವಣಬೆಳಗೊಳದ ವಿಚಾರ ಇನ್ನೂ ಸ್ಪಷ್ಟ. ರೈಸ್ ಅವರ 1889ರ ಸಂಪುಟದಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. 1973ರ ಆವೃತ್ತಿಯಲ್ಲಿ 573. ಹಳೆಯ ಲೇಖನವೊಂದರಲ್ಲಿ ‘ಶ್ರವಣಬೆಳಗೊಳ 140’ ಅಂತ ಕಂಡರೆ, ಮೊದಲು ಕೇಳಬೇಕಾದ ಪ್ರಶ್ನೆ ಯಾವ ಆವೃತ್ತಿಯ 140 ಅನ್ನೋದು. ಲೇಖಕರು ಅದನ್ನು ಹೇಳದೇ ಇದ್ದರೆ ನೀವು ಬೇರೆಯದೇ ಶಾಸನದ ಮುಂದೆ ನಿಂತಿರ್ತೀರಿ.

ಆದ್ದರಿಂದ ಮೊದಲ ನಿಯಮ: ಟಿಪ್ಪಣಿಯ ಹೆಸರಿಗೆ ತಾಲ್ಲೂಕು, ಜಿಲ್ಲೆ, ಸಂಪುಟ ಇವನ್ನು ಅಂಟಿಸಬೇಡಿ. ಲೂಮನ್ ಚೀಟಿಯ ಹಾಗೆ ನಿಮ್ಮದೇ ಒಂದು ಸ್ಥಿರ ಗುರುತು ಕೊಡಿ. ‘ಶಾ 0041 ಆತಕೂರು’ ಅಂತಿಟ್ಟರೆ ಸಾಕು. ಉಳಿದ ಎಲ್ಲ ವಿಳಾಸಗಳನ್ನೂ ಟಿಪ್ಪಣಿಯ ತಲೆಭಾಗದಲ್ಲಿ ಅಲಿಯಾಸ್ ಎಂಬ ಜಾಗದಲ್ಲಿ ಬರೆಯಿರಿ: ‘ಎ.ಕ. 3 ಮಂಡ್ಯ 41’, ‘ಆತುಕೂರು ಶಾಸನ’, ‘ಬೂತುಗನ ಆತಕೂರು ಶಾಸನ’. ಹಳೆಯ ಆವೃತ್ತಿಗೂ ಪರಿಷ್ಕೃತ ಆವೃತ್ತಿಗೂ ವ್ಯತ್ಯಾಸ ತಿಳಿಯುವ ಹಾಗೆ ‘ಎ.ಕ. ಹಳೆ’, ‘ಎ.ಕ. ಪರಿ’ ಅಂತ ಎರಡು ಸಂಕೇತ ಇಟ್ಟುಕೊಳ್ಳಿ. ಇಷ್ಟು ಮಾಡಿದರೆ ಯಾವ ವಿಳಾಸ ಹಿಡಿದು ಹುಡುಕಿದರೂ ಅದೇ ಕಲ್ಲಿನ ಹತ್ತಿರ ಬರ್ತೀರಿ. ಫೈಲಿನ ಹೆಸರಿನಲ್ಲಿ ಓರೆಗೆರೆ, ಕೋಲನ್, ಹ್ಯಾಶ್, ಚೌಕ ಆವರಣ ಬೇಡ. ಅವು ಕೊಂಡಿಗಳನ್ನು ಕೆಡಿಸ್ತವೆ.

ಟೈಪ್ ಮಾಡುವಾಗ ಈ ಅಲಿಯಾಸ್‌ಗಳನ್ನೂ ಟಿಪ್ಪಣಿಗಳ ಹೆಸರನ್ನೂ ಮುಂದಾಗಿಯೇ ಸೂಚಿಸುವ ಪ್ಲಗಿನ್ ಒಂದಿದೆ, ವೇರಿಯಸ್ ಕಾಂಪ್ಲಿಮೆಂಟ್ಸ್ ಅಂತ. ನಾಲ್ಕು ಅಕ್ಷರ ಹೊಡೆದರೆ ಸರಿಯಾದ ಹೆಸರು ಎದುರಿಗೆ ಬರತ್ತೆ. ಒಂದೇ ಊರಿಗೆ ಎರಡು ಟಿಪ್ಪಣಿ ಹುಟ್ಟಿಕೊಳ್ಳೋದು ಇದರಿಂದ ಬಹಳ ಕಡಿಮೆಯಾಗತ್ತೆ.

ಹೆಸರು ಒಂದೇ, ಅರಸರು ಮೂವರು

ಇಲ್ಲಿಂದ ಸ್ವಲ್ಪ ಎಚ್ಚರ ಬೇಕು. ಒಬ್ಸಿಡಿಯನ್ ಮರುಕೊಂಡಿಗಳ ಕೆಳಗೆ ಇನ್ನೊಂದು ಪಟ್ಟಿ ತೋರಿಸತ್ತೆ: ಆ ಹೆಸರು ಬಂದಿದೆ, ಆದರೆ ಕೊಂಡಿ ಹಾಕಿಲ್ಲ ಅನ್ನುವ ಜಾಗಗಳು. ಒಂದು ಗುಂಡಿ ಒತ್ತಿದರೆ ಅಲ್ಲೂ ಕೊಂಡಿ ಬೀಳತ್ತೆ. ಬರೆದ ಪಠ್ಯವನ್ನು ಮುಟ್ಟದೆ ಎಲ್ಲ ಹೆಸರುಗಳನ್ನೂ ಕೊಂಡಿಯಂತೆ ತೋರಿಸುವ ವರ್ಚುವಲ್ ಲಿಂಕರ್‌ನಂಥ ಪ್ಲಗಿನ್‌ಗಳೂ ಇವೆ. ಅಡುಗೆಯ ಟಿಪ್ಪಣಿಗೆ ಇದೆಲ್ಲ ಚೆನ್ನ. ಶಾಸನದ ಟಿಪ್ಪಣಿಗೆ ಕಣ್ಣುಮುಚ್ಚಿ ಬಳಸಿದರೆ ಇತಿಹಾಸವೇ ತಿರುವುಮುರುವು ಆಗತ್ತೆ.

ಆತಕೂರು ಶಾಸನದಲ್ಲಿ ‘ಅಮೋಘವರ್ಷ’ ಎಂಬ ಹೆಸರು ಬರತ್ತೆ. ನಿಮ್ಮ ಹತ್ತಿರ ಆ ಹೆಸರಿನ ಟಿಪ್ಪಣಿ ಈಗಾಗಲೇ ಇದ್ದರೆ, ಅದು ಬಹುಶಃ ನೃಪತುಂಗನದ್ದೇ. ಕನ್ನಡಿಗರಿಗೆ ಅಮೋಘವರ್ಷ ಅಂದ ಕೂಡಲೇ ನೆನಪಾಗೋದು ಅವನೇ. ಆದರೆ ನೃಪತುಂಗನ ಆಳ್ವಿಕೆ 9ನೆಯ ಶತಮಾನದ್ದು, ಆತಕೂರು ಶಾಸನ 10ನೆಯ ಶತಮಾನದ ನಡುವಿನದು. ಇಲ್ಲಿರುವ ಅಮೋಘವರ್ಷ ಮೂರನೆಯವನು, ಬದ್ದೆಗ, ಕೃಷ್ಣನ ತಂದೆ. ‘ಕನ್ನರ’ ಅಂದರೂ ಇದೇ ಪಾಡು. ರಾಷ್ಟ್ರಕೂಟರಲ್ಲಿ ಮೂವರು ಕೃಷ್ಣರಿದ್ದಾರೆ, ಮೂವರಿಗೂ ಅಕಾಲವರ್ಷ ಎಂಬ ಬಿರುದಿದೆ. ಗಂಗರಲ್ಲಿ ‘ಪೆರ್ಮಾನಡಿ’ ಯಾರು ಬೇಕಾದರೂ ಆಗಬಹುದು. ‘ಸತ್ಯಾಶ್ರಯ’ ಅಂದರೆ ಬಾದಾಮಿಯ ಇಮ್ಮಡಿ ಪುಲಕೇಶಿಯೂ ಹೌದು, ಕಲ್ಯಾಣದ ಚಾಲುಕ್ಯರಲ್ಲಿ ಆ ಹೆಸರಿನ ಅರಸನೇ ಬೇರೆ ಇದ್ದಾನೆ.

ಊರುಗಳೂ ಅಷ್ಟೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಹಳೆಯ ಪುಸ್ತಕಗಳು ಬೆಳಗಾಮಿ ಅಂತ ಬರೀತವೆ. ಅದನ್ನು ಬೆಳಗಾವಿಗೆ ಜೋಡಿಸಿಬಿಟ್ಟರೆ ಒಂದು ಕೇದಾರೇಶ್ವರ ದೇವಾಲಯ ನೂರಾರು ಕಿಲೋಮೀಟರ್ ಆಚೆ ಹೋಗಿ ನಿಲ್ಲತ್ತೆ.

ಅದಕ್ಕೆ ಎರಡನೆಯ ನಿಯಮ: ಬಿರುದಿಗೆ ಒಂದು ಟಿಪ್ಪಣಿ, ವ್ಯಕ್ತಿಗೆ ಇನ್ನೊಂದು ಟಿಪ್ಪಣಿ. ‘ಅಕಾಲವರ್ಷ’ ಎಂಬ ಬಿರುದಿನ ಟಿಪ್ಪಣಿಯಲ್ಲಿ ಅದನ್ನು ಧರಿಸಿದ ಮೂವರಿಗೂ ಕೊಂಡಿ ಇರಲಿ. ಬಿರುದನ್ನು ವ್ಯಕ್ತಿಯ ಅಲಿಯಾಸ್ ಆಗಿ ಬರೆಯಬೇಡಿ. ಶಾಸನದಲ್ಲಿ ಬಿರುದು ಮಾತ್ರ ಇದ್ದು, ಅರಸ ಯಾರೆಂದು ತೀರ್ಮಾನ ಆಗದೇ ಇದ್ದರೆ ಬಿರುದಿಗೆ ಮಾತ್ರ ಕೊಂಡಿ ಹಾಕಿ. ಯಾವಾಗ ಕಾಲನಿರ್ಣಯ ಆಗತ್ತೋ ಆಗ ವ್ಯಕ್ತಿಗೆ ಹಾಕಿದರಾಯ್ತು. ಗುರುತಿಸುವ ಕೆಲಸ ಓದುಗನದ್ದು, ಪ್ಲಗಿನ್‌ನದ್ದಲ್ಲ.

ಕನ್ನಡಕ್ಕೇ ಇರುವ ತೊಡಕುಗಳು

ಈ ಸಲಕರಣೆಗಳನ್ನು ಮಾಡಿದವರ ಕಣ್ಣೆದುರು ಇದ್ದಿದ್ದು ಇಂಗ್ಲಿಷಿನಂಥ ಭಾಷೆ. ಅಲ್ಲಿ ಹೆಸರು ಹೆಚ್ಚಾಗಿ ಹೆಸರಾಗಿಯೇ ಉಳಿಯತ್ತೆ. ನಮ್ಮಲ್ಲಿ ‘ಬೂತುಗ’ ಅನ್ನೋದು ಬೂತುಗನು, ಬೂತುಗನಿಗೆ, ಬೂತುಗನಿಂದ ಆಗತ್ತೆ. ಇಡೀ ಪದವನ್ನೇ ಹೊಂದಿಸಿ ನೋಡುವ ಸಲಕರಣೆಗೆ ಇವು ಬೇರೆ ಬೇರೆ ಪದಗಳು. ಪದದ ಮೊದಲ ಭಾಗವನ್ನು ಹೊಂದಿಸಿ ನೋಡಿದರೂ ‘ಆತಕೂರು’ ‘ಆತಕೂರಿನ’ ಆದಾಗ ಕೊನೆಯ ಉಕಾರವೇ ಬಿದ್ದುಹೋಗತ್ತೆ, ಹುಡುಕಾಟ ತಪ್ಪತ್ತೆ. ಪರಿಹಾರ ಸರಳ. ಕೊಂಡಿಯೊಳಗೆ ಮೊದಲು ಟಿಪ್ಪಣಿಯ ಹೆಸರು, ಆಮೇಲೆ ಒಂದು ನೆಟ್ಟನೆ ಗೀಟು, ಆಮೇಲೆ ವಾಕ್ಯಕ್ಕೆ ಬೇಕಾದ ರೂಪ ಬರೆದರೆ, ಓದುವಾಗ ‘ಆತಕೂರಿನ’ ಅಂತಲೇ ಕಾಣತ್ತೆ, ಒಳಗೆ ಕೊಂಡಿ ‘ಆತಕೂರು’ ಟಿಪ್ಪಣಿಗೇ ಹೋಗತ್ತೆ. ‘ಇನ್ನೂ ಕೊಂಡಿ ಹಾಕಿಲ್ಲ’ ಎಂಬ ಪಟ್ಟಿ ಖಾಲಿ ಇದ್ದರೆ ಆ ಹೆಸರು ಬೇರೆಲ್ಲೂ ಇಲ್ಲ ಅಂತ ನಂಬಬೇಡಿ. ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಹಾಕಿ ಒಮ್ಮೆ ಸಾಮಾನ್ಯ ಹುಡುಕಾಟ ಮಾಡಿ.

ಎರಡನೆಯದು ಅಕ್ಷರಗಳ ಒಳರೂಪ. ‘ಕೋ’ ಎಂಬ ಗುಣಿತಾಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ. ಹಾಗೆಯೇ ‘ಸೂರ್ಯ’ ಪದವನ್ನು ಅರ್ಕಾವೊತ್ತಿನಿಂದ ಬರೆದರೆ ಒಂದು, ರಕಾರಕ್ಕೆ ಯ ಒತ್ತು ಕೊಟ್ಟು ಬರೆದರೆ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಸೇರಿಕೊಂಡು ಇನ್ನೊಂದು. ಬೇರೆ ಬೇರೆ ಕಡೆಯಿಂದ ನಕಲು ಮಾಡಿ ತಂದ ಪಾಠಗಳಲ್ಲಿ ಈ ಬೆರಕೆ ಇದ್ದೇ ಇರತ್ತೆ. ಹೆಸರುಗಳನ್ನು ನಕಲು ಮಾಡದೆ ನಿಮ್ಮ ಒಂದೇ ಕೀಲಿಮಣೆಯಲ್ಲಿ ಹೊಡೆಯೋದು ಒಳ್ಳೆಯ ಅಭ್ಯಾಸ.

ಮೂರನೆಯದು ಱ ಮತ್ತು ೞ. ಶಾಸನದ ಪಾಠದಲ್ಲಿ ಅವು ಹೇಗಿವೆಯೋ ಹಾಗೆಯೇ ಉಳಿಯಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಟಿಪ್ಪಣಿಯ ಹೆಸರು ಇಂದಿನ ಕನ್ನಡದಲ್ಲಿರಲಿ, ಹಳೆಯ ರೂಪ ಅಲಿಯಾಸ್‌ಗೆ ಹೋಗಲಿ.

ಕೊಂಡಿಗೂ ಒಂದು ಅರ್ಥ ಬೇಕು

ಎರಡು ಟಿಪ್ಪಣಿಗಳ ನಡುವೆ ಗೆರೆ ಎಳೆದರೆ ‘ಏನೋ ಸಂಬಂಧ ಇದೆ’ ಅಂತ ಮಾತ್ರ ಗೊತ್ತಾಗತ್ತೆ. ಎಂಥ ಸಂಬಂಧ? ತಂದೆ ಮಗನೋ, ದಾನಿ ಪ್ರತಿಗ್ರಾಹಿಯೋ, ಒಂದು ಇನ್ನೊಂದನ್ನು ಅಲ್ಲಗಳೆಯುತ್ತೋ? ಬ್ರೆಡ್‌ಕ್ರಂಬ್ಸ್ ಎಂಬ ಪ್ಲಗಿನ್ ಕೊಂಡಿಗಳಿಗೆ ಹೆಸರು ಕೊಡಲು ಬಿಡತ್ತೆ. ಮೇಲಿನದು, ಕೆಳಗಿನದು, ಹಿಂದಿನದು, ಮುಂದಿನದು ಅನ್ನುವಂಥ ಸಂಬಂಧಗಳ ಜೊತೆಗೆ ನಮಗೆ ಬೇಕಾದ್ದನ್ನೂ ಸೇರಿಸಬಹುದು. ಒಂದು ದಿಕ್ಕಿನಲ್ಲಿ ಬರೆದರೆ ತಿರುಗು ದಿಕ್ಕಿನದನ್ನು ತಾನೇ ಊಹಿಸಿ ತೋರಿಸತ್ತೆ.

ಇದರ ಬೆಲೆ ತಿಳಿಯೋದು ತಕ್ಕೋಲದ ವಿಚಾರದಲ್ಲಿ. ಆತಕೂರು ಶಾಸನವನ್ನು ಫ್ಲೀಟ್ ಮೊದಲು ಪ್ರಕಟಿಸಿದಾಗ, ಬೂತುಗ ರಾಜಾದಿತ್ಯನನ್ನು ವಿಶ್ವಾಸಘಾತದಿಂದ ಇರಿದು ಕೊಂದ ಎಂಬ ಅರ್ಥ ಬಂತು. ಮುಂದೆ ಎಪಿಗ್ರಾಫಿಯಾ ಇಂಡಿಕ 6ನೆಯ ಸಂಪುಟದಲ್ಲಿ ಅವರೇ ಮತ್ತೆ ಸಂಪಾದಿಸಿದಾಗ ಆ ಅರ್ಥ ಹೋಗಿ, ಆನೆಯ ಮೇಲಿನ ಅಂಬಾರಿಯನ್ನೇ ರಣಭೂಮಿ ಮಾಡಿಕೊಂಡು ಇರಿದು ಕೊಂದ ಎಂಬ ಅರ್ಥ ಬಂತು. ಕಲ್ಲು ಅದೇ, ಅಕ್ಷರ ಅದೇ. ಒಬ್ಬ ಅರಸ ದ್ರೋಹಿಯೋ ವೀರನೋ ಅನ್ನೋದು ಒಂದೆರಡು ಪದಗಳ ಓದಿನ ಮೇಲೆ ನಿಂತಿದೆ. ಹಳೆಯ ಅರ್ಥ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಇವತ್ತಿಗೂ ಅಲ್ಲಲ್ಲಿ ಕಾಣಿಸಿಕೊಳ್ತಾ ಇರತ್ತೆ.

ಇನ್ನೊಂದು ಕಡೆ ಚೋಳರ ದೊಡ್ಡ ಲೈಡನ್ ತಾಮ್ರಪಟಗಳಿವೆ. ಆತಕೂರಿಗಿಂತ ಅರ್ಧ ಶತಮಾನಕ್ಕೂ ಹೆಚ್ಚು ಈಚಿನವು. ಅವುಗಳ ಪ್ರಕಾರ ಆನೆಯ ಮೇಲಿದ್ದ ರಾಜಾದಿತ್ಯನ ಎದೆಗೆ ನಾಟಿದ್ದು ಕೃಷ್ಣರಾಜನ ಬಾಣಗಳು. ಬೂತುಗನ ಮಾತೇ ಅಲ್ಲಿಲ್ಲ.

ಈಗ ಟಿಪ್ಪಣಿಗಳನ್ನು ಹೀಗೆ ಜೋಡಿಸಿ. ‘ತಕ್ಕೋಲದ ಯುದ್ಧ’ ಒಂದು ಘಟನೆಯ ಟಿಪ್ಪಣಿ. ಆತಕೂರು ಶಾಸನ ಅದಕ್ಕೆ ‘ಸಾಕ್ಷಿ’. ಲೈಡನ್ ಪಟವೂ ‘ಸಾಕ್ಷಿ’, ಆದರೆ ಆತಕೂರಿನೊಂದಿಗೆ ‘ಭಿನ್ನ’. ಫ್ಲೀಟ್ ಅವರ ಮೊದಲ ಓದು ಒಂದು ಟಿಪ್ಪಣಿ, ಎರಡನೆಯ ಓದು ಇನ್ನೊಂದು. ಎರಡನೆಯದು ಮೊದಲನೆಯದನ್ನು ‘ತಿದ್ದುತ್ತದೆ’. ಇನ್ನು ಮುಂದೆ ಯಾವುದೇ ಲೇಖನದಲ್ಲಿ ಬೂತುಗನ ದ್ರೋಹದ ಮಾತು ಕಂಡರೆ, ಆ ಲೇಖನದ ಟಿಪ್ಪಣಿಯನ್ನು ಮೊದಲ ಓದಿಗೆ ಜೋಡಿಸಿ. ‘ತಿದ್ದುತ್ತದೆ’ ಎಂಬ ಗೆರೆ ಅಲ್ಲೇ ಕಾಣಿಸ್ತಾ ಇರೋದರಿಂದ, ಆ ಮಾತು ಎಲ್ಲಿಂದ ಬಂತು, ಈಗ ಅದರ ಬೆಲೆ ಏನು ಅಂತ ಅರ್ಧ ನಿಮಿಷದಲ್ಲಿ ತಿಳಿಯತ್ತೆ.

ಒಬ್ಸಿಡಿಯನ್‌ನಲ್ಲಿ ಇಡೀ ಟಿಪ್ಪಣಿಗೆ ಮಾತ್ರವಲ್ಲ, ಅದರೊಳಗಿನ ಒಂದು ತುಣುಕಿಗೂ ಕೊಂಡಿ ಹಾಕಬಹುದು. ಶಾಸನದ ಪಾಠವನ್ನು ಸಾಲು ಸಾಲಾಗಿ ಬಿಡಿಸಿ ಬರೆದರೆ ‘ಇಂಥ ಶಾಸನದಲ್ಲಿದೆ’ ಅನ್ನುವ ಬದಲು ‘ಇಂಥ ಸಾಲಿನಲ್ಲಿದೆ’ ಅನ್ನಬಹುದು. ಯಾವ ಸಾಲನ್ನು ಎಷ್ಟು ಕಡೆ ಉಲ್ಲೇಖಿಸಿದ್ದೀರಿ ಎಂಬ ಲೆಕ್ಕವನ್ನು ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಎಂಬ ಪ್ಲಗಿನ್ ಆ ಸಾಲಿನ ಪಕ್ಕದಲ್ಲೇ ಒಂದು ಸಣ್ಣ ಅಂಕಿಯಾಗಿ ತೋರಿಸತ್ತೆ.

ಕೇಳಿದ್ದಕ್ಕೆ ಉತ್ತರ ಕೊಡುವ ಪಟ್ಟಿ

ಟಿಪ್ಪಣಿಯ ತಲೆಭಾಗದಲ್ಲಿ ಅರಸ, ಮನೆತನ, ಕಾಲ, ಬಗೆ, ಈಗಿರುವ ಸ್ಥಳ ಇವನ್ನು ಕ್ರಮವಾಗಿ ತುಂಬಿದ್ದರೆ ಡೇಟಾವ್ಯೂ ಎಂಬ ಪ್ಲಗಿನ್ ಅವುಗಳಿಂದ ಪಟ್ಟಿ ಮಾಡಿಕೊಡತ್ತೆ. ‘10ನೆಯ ಶತಮಾನದ ಗಂಗರ ವೀರಗಲ್ಲುಗಳಲ್ಲಿ ಬೂತುಗನಿಗೆ ಕೊಂಡಿ ಇರುವಂಥವು ಯಾವುವು’ ಅಂತ ಕೇಳಬಹುದು. ಹೊಸ ಟಿಪ್ಪಣಿ ಸೇರಿದರೆ ಪಟ್ಟಿ ತಾನೇ ಹಿಗ್ಗತ್ತೆ. 2025ರಿಂದ ಒಬ್ಸಿಡಿಯನ್‌ನಲ್ಲೇ ಬೇಸಸ್ ಎಂಬ ಹೆಸರಿನಲ್ಲಿ ಇಂಥ ಒಂದು ಸೌಲಭ್ಯ ಬಂದಿದೆ. ಪ್ರಶ್ನೆಗಳ ಭಾಷೆ ಕಲಿಯಲು ಬೇಜಾರು ಅನ್ನೋರಿಗೆ ಅದೇ ಸಲೀಸು.

ಕಾಲದ ವಿಚಾರದಲ್ಲಿ ಒಂದು ಮಾತು. ಆತಕೂರು ಶಾಸನದಲ್ಲಿರೋದು ಶಕ 872, ಸೌಮ್ಯ ಸಂವತ್ಸರ. 78 ಕೂಡಿಸಿದರೆ ಕ್ರಿ.ಶ. 950 ಬರತ್ತೆ. ಆದರೆ ಸೌಮ್ಯ ಸಂವತ್ಸರ ಬೀಳೋದು 949–50ಕ್ಕೆ. ಅಂದರೆ ಶಾಸನ ಹೇಳ್ತಿರೋದು ನಡೆಯುತ್ತಿರುವ ವರ್ಷವನ್ನು, ಕಳೆದ ವರ್ಷವನ್ನಲ್ಲ. ಆದ್ದರಿಂದ ಎರಡು ಬೇರೆ ಜಾಗ ಇಡಿ: ಒಂದರಲ್ಲಿ ಕಲ್ಲಿನಲ್ಲಿ ಇರುವ ಹಾಗೆ, ಇನ್ನೊಂದರಲ್ಲಿ ನಾವು ಲೆಕ್ಕ ಹಾಕಿದ ಹಾಗೆ. ಲೆಕ್ಕ ಮುಂದೆ ತಿದ್ದಬೇಕಾಗಬಹುದು, ಕಲ್ಲಿನ ಮಾತನ್ನು ತಿದ್ದುವ ಹಕ್ಕು ನಮಗಿಲ್ಲ.

‘ಪಾಠದ ಆಧಾರ’ ಅಂತ ಇನ್ನೊಂದು ಜಾಗ ಇರಲಿ. ಕಲ್ಲನ್ನೇ ನೋಡಿದ್ದೋ, ಪಡಿಯಚ್ಚೋ, ಅಚ್ಚಾದ ಪಾಠವೋ, ಯಾರೋ ಹೇಳಿದ್ದೋ ಅಂತ ಅಲ್ಲಿ ಬರೆಯಿರಿ. ಸೂಪರ್‌ಚಾರ್ಜ್ಡ್ ಲಿಂಕ್ಸ್ ಎಂಬ ಪ್ಲಗಿನ್ ಈ ಮಾಹಿತಿ ನೋಡಿ ಕೊಂಡಿಯ ಬಣ್ಣ ಬದಲಾಯಿಸಬಲ್ಲದು. ಕಲ್ಲು ನೋಡಿ ಬರೆದ ಟಿಪ್ಪಣಿಗೆ ಹೋಗುವ ಕೊಂಡಿ ಹಸಿರು, ಕೇಳಿದ ಮಾತಿಗೆ ಹೋಗುವ ಕೊಂಡಿ ಕೆಂಪು. ಲೇಖನ ಬರೆಯುವಾಗ ಒಂದು ಪ್ಯಾರಾದಲ್ಲಿ ಕೆಂಪೇ ತುಂಬಿಕೊಂಡಿದ್ದರೆ, ಇನ್ನೊಮ್ಮೆ ಹೊರಟು ಕಲ್ಲು ನೋಡಿ ಬರಬೇಕು ಅಂತ ಅರ್ಥ.

ಮುರಿದ ಕೊಂಡಿ, ಅನಾಥ ಟಿಪ್ಪಣಿ

ಟಿಪ್ಪಣಿಯ ಹೆಸರು ಬದಲಿಸಿದರೆ ಅದಕ್ಕೆ ಬರುವ ಕೊಂಡಿಗಳನ್ನು ಒಬ್ಸಿಡಿಯನ್ ತಾನೇ ಸರಿಪಡಿಸತ್ತೆ, ಬದಲಾವಣೆ ಅದರೊಳಗೇ ಆಗಿದ್ದರೆ ಮಾತ್ರ. ಹೊರಗಿನಿಂದ ಫೋಲ್ಡರ್ ತೆರೆದು ಹೆಸರು ಬದಲಿಸಿದರೆ ಕೊಂಡಿ ಮುರಿಯತ್ತೆ. ಮುರಿದ ಕೊಂಡಿಗಳನ್ನೂ, ಯಾವ ಕಡೆಯಿಂದಲೂ ಕೊಂಡಿ ಇಲ್ಲದ ಅನಾಥ ಟಿಪ್ಪಣಿಗಳನ್ನೂ ಪಟ್ಟಿ ಮಾಡಲು ‘ಫೈಂಡ್ ಆರ್ಫನ್ಡ್ ಫೈಲ್ಸ್ ಅಂಡ್ ಬ್ರೋಕನ್ ಲಿಂಕ್ಸ್’ ಎಂಬ ಪ್ಲಗಿನ್ ಇದೆ. ಪಡಿಯಚ್ಚಿನ ಚಿತ್ರಗಳು ಟಿಪ್ಪಣಿಯ ಜೊತೆಗೇ ಸಾಗುವಂತೆ ನೋಡಿಕೊಳ್ಳಲು ‘ಕನ್ಸಿಸ್ಟೆಂಟ್ ಅಟ್ಯಾಚ್‌ಮೆಂಟ್ಸ್ ಅಂಡ್ ಲಿಂಕ್ಸ್’ ಇದೆ. ತಿಂಗಳಿಗೊಮ್ಮೆ ಇವನ್ನು ಓಡಿಸಿ ನೋಡಿ. ಮುರಿದ ಕೊಂಡಿ ಎಂದರೆ ದುರಸ್ತಿ. ಅನಾಥ ಟಿಪ್ಪಣಿ ಎಂದರೆ ಹಲವು ಸಲ ಹೊಸ ಕೆಲಸದ ಸುಳಿವು: ಎಲ್ಲೂ ಹೊಂದದ ಒಂದು ವ್ಯಕ್ತಿಯ ಹೆಸರು, ಇವತ್ತಿನ ನಕ್ಷೆಯಲ್ಲಿ ಸಿಗದ ಒಂದು ಊರು. ಅದನ್ನು ಅಳಿಸಬೇಡಿ.

ಎಲ್ಲ ಕೊಂಡಿಗಳನ್ನೂ ಒಂದು ಜಾಲದಂತೆ ತೋರಿಸುವ ಗ್ರಾಫ್ ನೋಟದ ಬಗ್ಗೆ ಬಹಳ ಜನ ಕೇಳ್ತಾರೆ. ನೋಡಲು ಸೊಗಸು. ಆದರೆ ಅದರಲ್ಲಿ ದೊಡ್ಡ ಚುಕ್ಕೆ ಅಂದರೆ ನೀವು ಹೆಚ್ಚು ಬರೆದ ವಿಷಯ ಅಂತ ಮಾತ್ರ ಅರ್ಥ. ಅಷ್ಟರಿಂದಲೇ ಒಬ್ಬ ಅರಸ ಹೆಚ್ಚು ಮುಖ್ಯ ಅಂತ ತೀರ್ಮಾನ ಮಾಡೋ ಹಾಗಿಲ್ಲ.

ಕೊನೆಯದಾಗಿ ಸುರಕ್ಷತೆ. ಸಮುದಾಯದವರು ಮಾಡಿದ ಪ್ಲಗಿನ್‌ಗಳು ಒಬ್ಸಿಡಿಯನ್‌ನಲ್ಲಿ ಮೊದಲಿಗೆ ನಿಷ್ಕ್ರಿಯವಾಗಿಯೇ ಇರ್ತವೆ, ನಾವೇ ಅನುಮತಿ ಕೊಡಬೇಕು. ಕೊಟ್ಟ ಮೇಲೆ ಅವು ಕಂಪ್ಯೂಟರಿನ ಫೈಲುಗಳನ್ನು ಮುಟ್ಟಬಲ್ಲವು, ಅಂತರ್ಜಾಲಕ್ಕೂ ಹೋಗಬಲ್ಲವು. ಕಳ್ಳರ ಕಣ್ಣು ಬೀಳಬಹುದಾದ ಅಪ್ರಕಟಿತ ಶಾಸನ, ವಿಗ್ರಹಗಳ ನಿಖರ ಸ್ಥಳ ನಿಮ್ಮ ಟಿಪ್ಪಣಿಯಲ್ಲಿದ್ದರೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬೇಕಾದ ಎರಡು ಮೂರು ಪ್ಲಗಿನ್ ಸಾಕು. ಇಡೀ ಫೋಲ್ಡರಿನ ಪ್ರತಿಯನ್ನು ಬೇರೆ ಡಿಸ್ಕಿಗೆ ಆಗಾಗ ಹಾಕಿಡಿ. ಯಾವ ಪ್ಲಗಿನ್ ನಿಂತುಹೋದರೂ ಅರ್ಥವಾಗುವ ಹಾಗೆ ಸಂಬಂಧವನ್ನು ವಾಕ್ಯದಲ್ಲೂ ಬರೆದಿಡಿ: ‘ಎರಡನೆಯ ಓದು ಮೊದಲನೆಯದನ್ನು ತಿದ್ದುತ್ತದೆ’ ಎಂಬ ವಾಕ್ಯಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.

ಶುರು ಮಾಡೋರು ಇರೋ ಟಿಪ್ಪಣಿಗಳನ್ನೆಲ್ಲ ಒಂದೇ ಸಲ ತುಂಬಲು ಹೋಗಬೇಡಿ. ನಿಮ್ಮೂರಿನ ಒಂದು ಶಾಸನ ತೆಗೆದುಕೊಳ್ಳಿ. ಅದಕ್ಕೊಂದು ಟಿಪ್ಪಣಿ, ಅದರಲ್ಲಿ ಬರುವ ಅರಸನಿಗೊಂದು, ದಾನ ಕೊಟ್ಟವರಿಗೊಂದು, ಗಡಿಯಾಗಿ ಹೇಳಿದ ಕೆರೆಗೊಂದು, ಶಾಸನ ಬರೆದವನ ಹೆಸರಿದ್ದರೆ ಅವನಿಗೊಂದು. ಎಲ್ಲ ವಿಳಾಸಗಳನ್ನೂ ಅಲಿಯಾಸ್‌ನಲ್ಲಿ ಬರೆಯಿರಿ. ಆಮೇಲೆ ಪಕ್ಕದೂರಿನ ಶಾಸನಕ್ಕೆ ಹೋಗಿ. ಅದೇ ಕೆರೆಯ ಹೆಸರು ಅಲ್ಲೂ ಬಂದರೆ, ಕೆರೆಯ ಟಿಪ್ಪಣಿ ತೆರೆದು ನೋಡಿ. ಎರಡು ಊರಿನ ಕಲ್ಲುಗಳೂ ಅದರ ಕೆಳಗೆ ಒಟ್ಟಿಗೆ ಬಂದಿರ್ತವೆ.